ಸೀಮೆ ನಿಪ್ಪಟ್ಟು

ನಮ್ಮತ್ತೆಯ ಪ್ರಕಾರ ಲೋಕದಲ್ಲಿ ಎರಡೇ ಬಗೆಯ ಸಾಮಾನುಗಳಿದ್ದವು. ಒಂದು ನಮ್ಮದು, ಇನ್ನೊಂದು ಸೀಮೆಯದು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ ಎಂದು ಎಲ್ಲರೂ ಅನ್ನುತ್ತಾರೆ, ಅದರಲ್ಲಿ ವಿಶೇಷವಿಲ್ಲ. ನಮ್ಮತ್ತೆ ಅಲ್ಲಿಗೆ ನಿಲ್ಲಿಸುವವರಲ್ಲ. ನನ್ನ ಗಂಡನ ಟಾರ್ಚು ಅವರಿಗೆ ಸೀಮೆ ದೀಪ, ಪೆನ್ನು ಸೀಮೆ ಕಡ್ಡಿ, ಮೈಗೆ ಹಚ್ಚುವ ಸೋಪು ಸೀಮೆ ಸೀಗೇಕಾಯಿ. ಐವತ್ತರ ದಶಕದ ನಡುವಿನಲ್ಲಿ ನಾನು ಮದುವೆಯಾಗಿ ಭೀಮನಬೀಡಿಗೆ ಬಂದಾಗ ನನಗೂ ಒಂದು ಹೆಸರು ಕಾದಿತ್ತು. ಸೀಮೆ ಸೊಸೆ.

ನಾನೇನು ಹಡಗು ಹತ್ತಿ ಬಂದವಳಲ್ಲ. ಚಾಮರಾಜನಗರದವಳು. ಬೆಳಿಗ್ಗೆ ಬಸ್ಸು ಹತ್ತಿ, ತೆರಕಣಾಂಬಿ ದಾಟಿ ಗುಂಡ್ಲುಪೇಟೆಯಲ್ಲಿ ಇಳಿದು, ಅಲ್ಲಿಂದ ಗಾಡಿ ಕಟ್ಟಿದರೆ ಮಧ್ಯಾಹ್ನದ ಊಟಕ್ಕೆ ಗಂಡನ ಮನೆ ಸೇರಬಹುದಿತ್ತು. ಆದರೆ ನಾನು ಪೇಟೆಯಲ್ಲಿ ಬೆಳೆದವಳು, ಪತ್ರಿಕೆ ಓದುವವಳು, ಎಲ್ಲಕ್ಕಿಂತ ಹೆಚ್ಚಾಗಿ ಬಿಸ್ಕತ್ತು ಮಾಡುವವಳು. ಅತ್ತೆಗೆ ಇಷ್ಟು ಸಾಕಾಗಿತ್ತು.

ಬಿಸ್ಕತ್ತು ಮಾಡುವುದನ್ನು ನಾನು ಕಲಿತದ್ದು ತವರಿನ ಪಕ್ಕದ ಮನೆಯ ಅಜ್ಜಿಯಿಂದ. ಅವರು ಮುಸಲ್ಮಾನರು. ಹಬ್ಬ ಹತ್ತಿರವಾದಾಗ ಅವರ ಹಿತ್ತಲಿನಿಂದ ತುಪ್ಪ, ಏಲಕ್ಕಿಯ ಘಮ ಬಂದರೆ ನಾನು ಗೋಡೆ ಹತ್ತಿ ಕೂರುತ್ತಿದ್ದೆ. ನಮ್ಮದು ಲಿಂಗ ಕಟ್ಟಿದ ಮನೆ ಎಂದು ಗೊತ್ತಿದ್ದ ಅಜ್ಜಿ, "ನೋಡ್ಕೊಳಮ್ಮಿ, ಹಿಟ್ಟು, ತುಪ್ಪ, ಸಕ್ಕರೆ, ಏಲಕ್ಕಿ, ಚಿಟಿಕೆ ಸೋಡಾ. ಇಷ್ಟೇ. ನಿಮ್ಮವ್ವಂಗೆ ಹೇಳು" ಎಂದು ಪಾತ್ರೆಗಳನ್ನು ಒಂದೊಂದಾಗಿ ತೋರಿಸುತ್ತಿದ್ದರು. ನಾನು ಅವ್ವನಿಗೆ ಹೇಳಿದೆ. ಅವ್ವ ತಾವೇ ಬಂದು ನೋಡಿದರು. ಆಮೇಲೆ ನಾನು ಗೋಡೆಯಿಂದ ಇಳಿದು ಅಜ್ಜಿಯ ಪಕ್ಕದಲ್ಲೇ ಕೂತೆ. ನನಗೆ ಮದುವೆಯಾದಾಗ ಅಜ್ಜಿ ತಮ್ಮ ದಪ್ಪ ಅಲ್ಯೂಮಿನಿಯಂ ತಟ್ಟೆಯನ್ನೇ ನನ್ನ ಪೆಟ್ಟಿಗೆಗೆ ಸೇರಿಸಿದರು.

ಗಂಡನ ಮನೆಯ ಹಿತ್ತಲಿನಲ್ಲಿ ನಾನು ಮೊದಲ ಸಲ ಒಲೆ ಹೂಡಿದ ದಿನ ಅತ್ತೆ ದೂರದಲ್ಲಿ ನಿಂತು ನೋಡಿದರು. ಅಗಲ ಬಾಯಿಯ ಪಾತ್ರೆ, ಅದರಲ್ಲಿ ಗೇಣುದ್ದ ಹೊಳೆಮರಳು. ಮರಳು ಕಾದ ಮೇಲೆ ಅದರ ಮೇಲೆ ಬಿಸ್ಕತ್ತಿನ ತಟ್ಟೆ, ತಟ್ಟೆಯ ಮೇಲೊಂದು ಮುಚ್ಚಳ, ಮುಚ್ಚಳದ ಮೇಲೆ ಕರಟದ ಕೆಂಡ. ಕೆಳಗೂ ಬೆಂಕಿ, ಮೇಲೂ ಬೆಂಕಿ.

"ಮರಳು ಬೇಯಿಸ್ತಾವ್ಳೆ ನಮ್ಮ ಸೊಸೆ" ಎಂದು ಅತ್ತೆ ಬೇಲಿಯಾಚೆಯವರಿಗೂ ಕೇಳುವಂತೆ ಹೇಳಿದರು. ಬಿಸ್ಕತ್ತು ಆದ ಮೇಲೆ ಒಂದನ್ನು ಅವರ ಮುಂದೆ ಹಿಡಿದೆ. "ಸೀಮೆ ನಿಪ್ಪಟ್ಟು ನಂಗ್ಯಾಕವ್ವ, ನೀವೇ ತಿನ್ನಿ" ಎಂದು ಮುಖ ತಿರುಗಿಸಿದರು.

ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ, ಈಗಲೂ ಬರುತ್ತದೆ. ಆದರೆ ಅವರು ತಿನ್ನದಿದ್ದುದನ್ನು ನನ್ನ ನಾದಿನಿ ತಿಂದಳು, ಬೆರಳಿಗೆ ಅಂಟಿದ ಪುಡಿಯನ್ನೂ ಬಿಡಲಿಲ್ಲ. ಆವತ್ತಿನಿಂದ ಆ ಹುಡುಗಿ ನನ್ನ ಪಕ್ಷ.

ನಡುಮನೆಯ ಗೋಡೆಯಲ್ಲಿ ಒಂದು ಗೂಡಿತ್ತು. ಸೀಮೆಯ ಸಾಮಾನಿಗೆಲ್ಲ ಅತ್ತೆ ಅಲ್ಲಿ ಜಾಗ ಕೊಟ್ಟಿದ್ದರು. ಬಟ್ಟೆಯ ಬಿರಡೆ ಹಾಕಿದ ಸೀಮೆಎಣ್ಣೆ ಬಾಟಲಿ, ಲಾಂದ್ರ, ಸೀಮೆಸುಣ್ಣದ ಪೊಟ್ಟಣ, ಟಾರ್ಚು, ಸೋಪು ಎಲ್ಲವೂ ಅಲ್ಲಿ ಸಂಸಾರ ಮಾಡುತ್ತಿದ್ದವು. ನನ್ನ ಬಿಸ್ಕತ್ತಿನ ಡಬ್ಬವನ್ನು ಮಾತ್ರ ನಾನು ನನ್ನ ಕೋಣೆಯಲ್ಲಿ, ಪೆಟ್ಟಿಗೆಯ ಮೇಲೆ ಇಡುತ್ತಿದ್ದೆ. ಈ ಗೂಡನ್ನು ನೆನಪಿಟ್ಟುಕೊಳ್ಳಿ.

ಮಾರನೆಯ ವರ್ಷ ನಾದಿನಿಗೆ ಕುದೇರಿನಿಂದ ಒಂದು ಸಂಬಂಧ ಬಂತು. ಹುಡುಗ ಓದಿದವನು. ಓದು ಬರಹ ಬಲ್ಲ ಹುಡುಗಿಯೇ ಬೇಕು ಎಂದು ಹೇಳಿ ಕಳಿಸಿದ್ದ. ಅದಕ್ಕೂ ಮೊದಲು ಬಂದ ಎರಡು ಸಂಬಂಧದವರು ಹುಡುಗಿ ಓದಿದ್ದು ಜಾಸ್ತಿಯಾಯಿತು ಎಂದು ಎದ್ದು ಹೋಗಿದ್ದರು. "ಅತ್ಗೆ, ಇದೊಂದು ತಪ್ಪೋಗ್ಬಾರ್ದು ಕಣತ್ಗೆ" ಎಂದು ನಾದಿನಿ ನನ್ನ ಸೆರಗು ಹಿಡಿದು ಹೇಳಿದಳು. ಬಾಯಿಬಿಟ್ಟು ಏನನ್ನೂ ಕೇಳದ ಹುಡುಗಿ ಅದು.

ಹುಡುಗನ ಮನೆಯಲ್ಲಿ ಕೊನೆಯ ಮಾತು ಅವನ ತಾತನದು. ಆತ ಮಹಾ ನೇಮಸ್ತ, ಹೋಟೆಲಿನ ನೀರನ್ನೂ ಮುಟ್ಟುವವರಲ್ಲ ಎಂದು ಮೊದಲೇ ಸುದ್ದಿ ಬಂದಿತ್ತು. ಅತ್ತೆ ಕಜ್ಜಾಯ, ಚಕ್ಕುಲಿ, ನಿಪ್ಪಟ್ಟು ಎಂದು ಮೂರು ದಿನ ಬಾಣಲೆ ಇಳಿಸಲಿಲ್ಲ. ನನ್ನ ಗಂಡ ಮೆಲ್ಲಗೆ, "ಅವ್ವ, ಹುಡ್ಗ ಪೇಟೇಲಿ ಓದಿದೋನು. ಕಾಫಿ ಜತೆ ಒಂದೊಂದು ಬಿಸ್ಕತ್ತೂ ಇರ್ಲಿ" ಎಂದರು. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ತಟ್ಟೆ ಮೂಲೇಲಿ ಮಡ್ಗು" ಎಂದರು. ಮೂಲೆಯಾದರೂ ಸರಿ, ತಟ್ಟೆಗೆ ಬಂತಲ್ಲ! ಅವರು ಬರುವ ಎರಡು ದಿನ ಮೊದಲೇ ನಾನು ಬಿಸ್ಕತ್ತು ಮಾಡಿ ಡಬ್ಬ ತುಂಬಿಸಿದೆ.

ಅವರು ಬಂದರು. ತಾತ ಸಣ್ಣಗೆ, ನೆಟ್ಟಗೆ, ಹಣೆಯ ತುಂಬ ವಿಭೂತಿ ಧರಿಸಿ ನಡುಮನೆಯ ಚಾಪೆಯ ಮೇಲೆ ಕೂತರು. ಪಕ್ಕದಲ್ಲಿ ಹುಡುಗ, ಅವನ ಅಪ್ಪ. ನಾದಿನಿ ತಟ್ಟೆ ಹಿಡಿದು ಹೋದಳು. ನಾನು ಅಡಿಗೆಮನೆಯ ಬಾಗಿಲ ಸಂದಿಯಲ್ಲಿ. ತಾತ ಕಜ್ಜಾಯ ಬಿಟ್ಟು, ಚಕ್ಕುಲಿ ಬಿಟ್ಟು, ಮೂಲೆಯಲ್ಲಿದ್ದ ಬಿಸ್ಕತ್ತಿಗೇ ಕೈ ಹಾಕಿದರು. ನನ್ನ ಎದೆ ಉಬ್ಬಿತು. ಬಾಯಿಯ ಹತ್ತಿರ ಒಯ್ದವರು ತಡೆದರು. ಮೂಸಿದರು. ಇನ್ನೊಮ್ಮೆ ಮೂಸಿದರು.

"ಏನವ್ವ ಇದು?"

"ಬಿಸ್ಕತ್ತು, ತಾತ. ನಮ್ಮತ್ಗೆ ಮಾಡಿದ್ದು."

"ಏನೋ ಒಂತರಾ ವಾಸ್ನೆ ಬತ್ತದೆ. ಬಿಸ್ಕೂತಿಗೆ ಮೊಟ್ಟೆ ಆಕ್ತಾರಂತಲ್ಲ. ಇದೇಯಾ ಆ ವಾಸ್ನೆ?"

ಮೊಟ್ಟೆಯ ವಾಸನೆ ಹೇಗಿರುತ್ತದೆಂದು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ತಾತನಿಗೂ ಇಲ್ಲ, ನಮಗೂ ಇಲ್ಲ. ಗೊತ್ತಿದ್ದರೆ ಅದಲ್ಲ ಎಂದು ಯಾರಾದರೂ ಹೇಳಬಹುದಿತ್ತು.

ನಾನು ಅಡಿಗೆಮನೆಯಲ್ಲಿ ಉಳಿದಿದ್ದ ಬಿಸ್ಕತ್ತನ್ನು ಮೂಸಿದೆ. ತುಪ್ಪ, ಏಲಕ್ಕಿಯ ಹಿಂದೆ ಇನ್ನೇನೋ ಇತ್ತು. ಗೂಡಿನ ಕಡೆ ನೋಡಿದೆ. ಸೀಮೆಎಣ್ಣೆ ಬಾಟಲಿಗೆ ಒರಗಿ ನನ್ನ ಡಬ್ಬ ಕೂತಿತ್ತು, ಮುಚ್ಚಳ ಅರ್ಧ ಬಿಗಿ. ಬೀಗರು ಬರುತ್ತಾರೆಂದು ಹಿಂದಿನ ದಿನ ಅತ್ತೆ ಮನೆಯೆಲ್ಲ ಗುಡಿಸಿ ಸಾರಿಸುವಾಗ ಅದನ್ನೂ ಒಪ್ಪವಾಗಿ ಅದರ ಜಾಗಕ್ಕೆ ಸೇರಿಸಿದ್ದರು. ಸೀಮೆ ನಿಪ್ಪಟ್ಟು ಸೀಮೆಎಣ್ಣೆಯ ಪಕ್ಕಕ್ಕೆ. ನಾದಿನಿಯೂ ಗಡಿಬಿಡಿಯಲ್ಲಿ ಅಲ್ಲಿಂದಲೇ ತೆಗೆದು ತಟ್ಟೆಗೆ ಹಾಕಿದ್ದಳು.

ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೊಸ ಬೀಗರ ಮುಂದೆ ಅತ್ತೆಯ ಕಡೆ ಬೆರಳು ತೋರಿಸುವುದು ಹೇಗೆ? ಜೀವನದಲ್ಲಿ ನಾನು ಬಾಯಿ ಮುಚ್ಚಿಕೊಂಡು ನಿಂತದ್ದು ಕಡಿಮೆ. ಆವತ್ತು ನಿಂತೆ. ಅತ್ತೆ ನನ್ನ ಮುಖ ನೋಡಿದರು, ನಾನು ನೋಡುತ್ತಿದ್ದ ಗೂಡನ್ನೂ ನೋಡಿದರು.

"ಯಜಮಾನ್ರೆ" ಎಂದರು ಅತ್ತೆ. "ಅದು ಮೊಟ್ಟೆ ವಾಸ್ನೆ ಅಲ್ಲ. ಸೀಮೆಎಣ್ಣೆದು. ಡಬ್ಬಾನ ಆ ಗೂಡ್ನಲ್ಲಿ ಮಡಗ್ಬುಟ್ಟೋಳು ನಾನು. ನನ್ನ ಸೊಸೆದು ಏನೂ ತಪ್ಪಿಲ್ಲ."

ತಾತ ಬಿಸ್ಕತ್ತನ್ನು ತಟ್ಟೆಗೆ ಹಿಂದಿಟ್ಟರು. "ಇರ್ಬೌದು ತಾಯಿ. ಇಲ್ದೆನೂ ಇರ್ಬೌದು" ಎಂದು ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡರು. ಏಳುವ ಲಕ್ಷಣ.

"ಕೂತ್ಕಳಿ" ಎಂದರು ಅತ್ತೆ. ಆ ದನಿ ನನಗೆ ಚೆನ್ನಾಗಿ ಪರಿಚಯ, ದಿನಾ ನನ್ನ ಮೇಲೆ ಬೀಳುತ್ತಿದ್ದದ್ದು. ಬೇರೆಯವರ ಮೇಲೆ ಬಿದ್ದದ್ದನ್ನು ಅವತ್ತೇ ಕಂಡೆ. "ನಿಮ್ಮ ಕಣ್ಮುಂದೇನೆ ಮಾಡ್ತಾಳೆ. ನೋಡ್ಕಂಡು ಓಗಿವ್ರಂತೆ. ಬಾರವ್ವ, ತೊಟ್ಟೀಲಿ ಒಲೆ ಹೂಡು."

ಮನೆಯ ನಡುವಿನ ತೊಟ್ಟಿಯಲ್ಲಿ, ಬಯಲ ಬೆಳಕಿನಲ್ಲಿ, ಎಲ್ಲರ ಕಣ್ಣೆದುರು ನಾನು ಕೂತೆ. ನನ್ನ ಗಂಡ ಮರಳಿನ ಪಾತ್ರೆ ತಂದು ಒಲೆಗೇರಿಸಿದರು. ತಾತ ಚಾಪೆಯನ್ನು ತೊಟ್ಟಿಯ ಅಂಚಿನವರೆಗೆ ಎಳೆದುಕೊಂಡರು. ಹೆದರಿಕೆ ಆಯಿತೇ ಅಂದರೆ, ಆಯಿತು. ಆದರೆ ತುಪ್ಪಕ್ಕೆ ಕೈ ಹಾಕಿದ ಮೇಲೆ ಹೆದರಿಕೆ ಹೋಯಿತು. ಹೆಪ್ಪುಗಟ್ಟಿದ ತುಪ್ಪವನ್ನು ಸಕ್ಕರೆ ಪುಡಿಯ ಜೊತೆ ಅಂಗೈಯಲ್ಲಿ ಉಜ್ಜುತ್ತ ಹೋದರೆ ಅದು ಬೆಳ್ಳಗೆ, ಹಗುರಾಗುತ್ತ ಬರುತ್ತದೆ. ಅವಸರ ಮಾಡುವಂತಿಲ್ಲ. ಇದರಲ್ಲಿ ನನ್ನ ಕೈಗೆ ಸಮ ಇನ್ನೊಂದು ಕೈಯನ್ನು ಈ ಸೀಮೆಯಲ್ಲಿ ನಾನು ನೋಡಿಲ್ಲ.

"ತುಪ್ಪ ಎಲ್ಲೀದು?"

"ಮನೆ ಹಸೂದು, ತಾತ."

"ಈ ಬೆಳ್ಳಗಿರೋದು?"

"ಅಡಿಗೆ ಸೋಡಾ."

ತಾತ ಚಿಟಿಕೆ ಸೋಡಾ ನಾಲಿಗೆಗೆ ಹಾಕಿಕೊಂಡು ಮುಖ ಸಿಂಡರಿಸಿದರು. ಹುಡುಗ ನಕ್ಕ. ತಟ್ಟೆ ಹಿಡಿದೇ ನಿಂತಿದ್ದ ನಾದಿನಿಯೂ ನಕ್ಕು, ಗಾಬರಿಯಿಂದ ಬಾಯಿ ಮುಚ್ಚಿಕೊಂಡಳು. ನಾನು ನೋಡಿದೆ, ಹುಡುಗನೂ ನೋಡಿದ.

"ಇದ ಯಾರು ಕಲಿಸ್ದೋರು?" ಎಂದು ತಾತ ಕೇಳಿದರು. "ನಮ್ಮೂರಲ್ಲಿ, ಪಕ್ಕದ್ಮನೆ ಅಜ್ಜಿ" ಎಂದೆ. ಅದು ಸುಳ್ಳಲ್ಲ. ಆದರೆ ಪೂರ್ತಿ ಹೇಳಲಿಲ್ಲ. ಆ ಒಂದು ಮಾತನ್ನು ನುಂಗಿಕೊಂಡದ್ದಕ್ಕೆ ನನಗೆ ಈಗಲೂ ನಾಚಿಕೆಯಿದೆ, ಅದನ್ನು ಇಲ್ಲಿ ಬರೆದು ಸ್ವಲ್ಪವಾದರೂ ತೀರಿಸಿಕೊಳ್ಳುತ್ತೇನೆ.

ಹಿಟ್ಟು ಬೆರೆಸಿ ಉಂಡೆ ಕಟ್ಟಿ ತಟ್ಟೆಯಲ್ಲಿ ಜೋಡಿಸಿದೆ. ಅಜ್ಜಿ ಉಂಡೆಯ ನೆತ್ತಿಯನ್ನು ಹೆಬ್ಬೆರಳಲ್ಲಿ ಒತ್ತುತ್ತಿದ್ದರು, ನಾನೂ ಹಾಗೆಯೇ. ಒತ್ತಲು ಹೆಬ್ಬೆರಳು ಎತ್ತುವಷ್ಟರಲ್ಲಿ ಅತ್ತೆ ಬಂದು ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. ವರ್ಷಕ್ಕೂ ಮೇಲೆ ಮುಟ್ಟದಿದ್ದ ಹಿಟ್ಟನ್ನು ಮುಟ್ಟಿದರು. ಮೂರು ಬೆರಳು ಒತ್ತಿ, ಉಂಡೆಯ ಮೇಲೆ ಅಡ್ಡಕ್ಕೆ ಎಳೆದರು. ಮೂರು ಗೆರೆ. ಒಲೆ, ಬಾಗಿಲು, ಹೊಸ ಮಡಕೆ ಯಾವುದಕ್ಕೇ ಆಗಲಿ ದಿನಾ ವಿಭೂತಿ ಎಳೆಯುವ ಕೈ ಅದು, ಅದಕ್ಕೆ ಬೇರೆ ಬರುತ್ತಿರಲಿಲ್ಲ. ಒಂದಾದ ಮೇಲೊಂದು, ತಟ್ಟೆಯಷ್ಟಕ್ಕೂ ಎಳೆದರು. ನಾನು ತಟ್ಟೆ ತಿರುಗಿಸಿ ಕೊಟ್ಟೆ.

ಮುಚ್ಚಳ ಹಾಕಿ, ಕೆಂಡ ಸುರಿದೆ. ಘಮ ತೊಟ್ಟಿಯಿಂದ ಎದ್ದು ನಡುಮನೆ ತುಂಬಿತು. ತಾತನ ಮೂಗು ಅರಳಿದ್ದನ್ನು ನಾನು ಗಮನಿಸದೆ ಇರಲಿಲ್ಲ. ಅಂಚು ಕೆಂಪಾದ ಗಳಿಗೆಯಲ್ಲಿ ತಟ್ಟೆಯನ್ನು ಇಳಿಸಿದೆ. ಇಳಿಸಿದ್ದೇ ತಡ, ತಾತ ಕೈ ನೀಡಿದರು.

"ಮುಟ್ಬ್ಯಾಡಿ!"

ನಾನೇ ಕೂಗಿದ್ದು. ಸೊಸೆ, ಅದೂ ಹೊಸಬಳು, ಬೀಗರ ಮನೆಯ ಹಿರಿಯರ ಮೇಲೆ. ನನ್ನ ಗಂಡ ಸೂರಿನ ತೊಲೆ ಎಣಿಸಲು ಶುರುಮಾಡಿದರು. ಬಿಸಿಯಲ್ಲಿ ಬಿಸ್ಕತ್ತು ಮೆತ್ತಗಿರುತ್ತದೆ, ಮುಟ್ಟಿದರೆ ಪುಡಿಯಾಗುತ್ತದೆ, ಬೆಂದಿಲ್ಲ ಅನ್ನಿಸುತ್ತದೆ. ಆರಿದ ಮೇಲೇ ಅದು ಗರಿಗರಿ. ಇದನ್ನೆಲ್ಲ ನಾನು ವಿವರಿಸುವಷ್ಟರಲ್ಲಿ ಅತ್ತೆಯೇ ಬಾಯಿ ಹಾಕಿದರು.

"ಸೊಸೆ ಏಳ್ದಂಗೆ ಕೇಳಿ, ಯಜಮಾನ್ರೆ" ಎಂದರು ಅತ್ತೆ, ಜೀವಮಾನವೆಲ್ಲ ಬಿಸ್ಕತ್ತು ಮಾಡಿದವರ ಹಾಗೆ. "ಅದು ಆರ್ಬೇಕು."

ತಾತ ಕೈ ಹಿಂದೆ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಎಲ್ಲರೂ ತಟ್ಟೆಯನ್ನು ನೋಡುತ್ತ ಕೂತೆವು. ಆಮೇಲೆ ನಾನು ಒಂದನ್ನು ಎತ್ತಿ ಅವರ ಅಂಗೈಗೆ ಇಟ್ಟೆ. ಅವರು ಮೂರು ಗೆರೆ ನೋಡಿದರು. ಕಣ್ಣಿಗೊತ್ತಿಕೊಂಡರು. ಕಚ್ಚಿದರು. ಕಟುಂ ಎಂದ ಆ ಸದ್ದು ನನಗೆ ಈಗಲೂ ಕೇಳುತ್ತದೆ. ಒಂದು ತಿಂದರು, ಇನ್ನೊಂದು ತಿಂದರು, ಮೂರನೆಯದನ್ನು ವಲ್ಲಿಯ ತುದಿಗೆ ಕಟ್ಟಿಕೊಂಡರು. "ನಮ್ಮ ಮುದ್ಕಿಗೆ ಹಲ್ಲಿಲ್ಲ. ಇದಾದ್ರೆ ಬಾಯಲ್ಲೇ ಕರಗ್ತದೆ" ಎಂದರು. ಆಮೇಲೆ ಮಗನ ಕಡೆ ತಿರುಗಿ, "ಏನ್ಲಾ ನೋಡ್ತಾ ಕೂತಿದ್ದೀಯ? ಎಲೆ ಅಡಿಕೆ ತಗಿಸು" ಎಂದರು. ಸಂಬಂಧ ಒಪ್ಪಿಗೆಯಾಯಿತು ಎನ್ನಲು ಬೇರೆ ಮಾತು ಬೇಕಿಲ್ಲ. ನಾದಿನಿ ತಟ್ಟೆಯನ್ನು ಕೆಳಗಿಟ್ಟು ಅಡಿಗೆಮನೆಗೆ ಓಡಿದಳು. ಅವಳ ಅಳು ನಗು ಎರಡೂ ನನಗೆ ಹೊರಗೇ ಕೇಳಿಸಿತು.

ಅವಳ ಮದುವೆಗೆ ನಾನು ಬುಟ್ಟಿಗಟ್ಟಲೆ ಬಿಸ್ಕತ್ತು ಮಾಡಿದೆ. ಆಮೇಲೆ ಅವಳ ಮಕ್ಕಳ ತೊಟ್ಟಿಲಿಗೆ, ನನ್ನ ಮಕ್ಕಳ ತೊಟ್ಟಿಲಿಗೆ, ಊರಿನ ಅದೆಷ್ಟೋ ಮನೆಯ ಶುಭಕಾರ್ಯಕ್ಕೆ. ಹಿಟ್ಟಿನಲ್ಲಿ ಅಜ್ಜಿಯ ಕೈ, ಮೇಲಿನ ಗೆರೆಯಲ್ಲಿ ಅತ್ತೆಯ ಕೈ. ನಡುವೆ ಇರುವುದು ನಾನು, ಮತ್ತು ನನಗೆ ಅದರ ಜಂಬ ಇದೆ. ಮುಚ್ಚಿಡಬೇಕಾದ ಜಂಬ ಅದಲ್ಲ.

ಆ ದಿನ ಬೀಗರು ಗಾಡಿ ಹತ್ತುವ ಮುಂಚೆ ತಾತ ಬಾಗಿಲಲ್ಲಿ ನಿಂತು, "ಅಲ್ಲ ತಾಯಿ, ಮನೇಲಿ ಕೇಳಿದ್ರೆ ಏನಂತ ಏಳ್ಲಿ? ಇದಕ್ಕೇನಂತೀರಿ ನೀವು?" ಎಂದು ವಲ್ಲಿಯ ಗಂಟನ್ನು ಮುಟ್ಟಿ ಕೇಳಿದರು.

"ಸೀ..." ಎಂದರು ಅತ್ತೆ. ಅಲ್ಲಿಗೇ ತಡೆದರು. ನನ್ನ ಕಡೆ ನೋಡಲಿಲ್ಲ. ಅವರ ಕಂಕುಳಲ್ಲಿ ನನ್ನ ಡಬ್ಬವಿತ್ತು. ಗೂಡಿನಿಂದ ತೆಗೆದು, ತೊಳೆದು, ಒರೆಸಿ, ಅಡಿಗೆಮನೆಯಲ್ಲಿ ತುಪ್ಪದ ಗಡಿಗೆಯ ಪಕ್ಕ ಇಡಲು ಹೊರಟಿದ್ದರು.

"ಸೊಸೆ ನಿಪ್ಪಟ್ಟು" ಎಂದರು. "ನಮ್ಮ ಸೊಸೆ ನಿಪ್ಪಟ್ಟು."