ಹೆಸರು ಕೊಡಲ್ಲ, ಸೂಜಿ ಕೊಡ್ತೀನಿ

ಹೊಲಿಗೆ ಫ್ಯಾಕ್ಟರಿಯಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಅನ್ನುತ್ತಿದ್ದರು. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ವರ್ಷಗಟ್ಟಲೆ ಮಿಷನ್ ತುಳಿದು ಈಗಷ್ಟೇ ಸೂಪರ್‌ವೈಸರ್ ಆಗಿದ್ದಳು. ಗಂಡ ತೀರಿಕೊಂಡ ಮೇಲೆ ಹಾಸಿಗೆ ಹಿಡಿದ ಅತ್ತೆಯನ್ನೂ ಓದುವ ಮಗಳನ್ನೂ ಸಾಕುತ್ತಿದ್ದುದು ಈ ಸಂಬಳವೊಂದೇ.

ಅವಳಿಗೆ ಮುಂಚೆ ಇದ್ದವನಿಗೆ ಹೆಂಗಸರು ಇಟ್ಟ ಹೆಸರು ಸಿಡಿಲಪ್ಪ. ಸೂಜಿ ಮುರಿಯಿತು ಅಂದರೆ ಸಾಕು, ಮುರಿದವಳ ಏಳು ತಲೆಮಾರನ್ನೂ ಜಾಲಾಡಿಬಿಡುತ್ತಿದ್ದ. ಹಾಗಾಗಿ ಸೂಜಿ ಮುರಿಯುವುದೇ ನಿಂತುಹೋಯಿತು! ಅಂದರೆ ಹೇಳುವುದು ನಿಂತಿತು. ಹೊರಗಿನಿಂದ ಕೊಂಡು ತಂದ ಸೂಜಿಯನ್ನು ಗುಟ್ಟಾಗಿ ಹಾಕಿಕೊಂಡು, ತುಂಡು ಎಲ್ಲಿ ಬಿತ್ತೋ ದೇವರೇ ಬಲ್ಲ ಎಂದು ಹೊಲಿಯುತ್ತಿದ್ದರು. ಹೊಲಿಯುತ್ತಿದ್ದುದು ಹಸುಗೂಸುಗಳ ಅಂಗಿ.

ದೊಡ್ಡಕ್ಕ ಸೂಪರ್‌ವೈಸರ್ ಆದ ದಿನವೇ ಹೇಳಿದಳು. "ಮಿಷನ್ ಅಂದ್ಮೇಲೆ ಸೂಜಿ ಮುರಿಯುತ್ತೆ ಕಣ್ರಮ್ಮಾ. ಮುರಿದ್ರೆ ಕೈ ಎತ್ತಿ. ಯಾರೂ ಬಯ್ಯಲ್ಲ, ಎಲ್ರೂ ಸೇರಿ ಹುಡುಕೋಣ."

ಎಲ್ಲರೂ ತಲೆಯಾಡಿಸಿದರು. ಒಂದು ಕೈಯೂ ಮೇಲೇಳಲಿಲ್ಲ. ಹಾಲು ಕುಡಿದು ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯುತ್ತದೆ. ದೊಡ್ಡಕ್ಕನಿಗೆ ಸಿಟ್ಟು ಬಂತು, ಆದರೆ ಅವರ ಮೇಲಲ್ಲ, ಅವರನ್ನು ಹೀಗೆ ಹೆದರಿಸಿಟ್ಟವನ ಮೇಲೆ. ದಿನಾ ಬೆಳಗ್ಗೆ ಅದೇ ಮಾತನ್ನು ಹಠ ಹಿಡಿದು ಹೇಳಿದಳು.

ಕಡೆಗೊಂದು ಮಧ್ಯಾಹ್ನ, ಲಾರಿ ಅರ್ಧ ತುಂಬಿರುವಾಗ, ಕಾಲರ್ ಹೊಲಿಯುವವಳು ಕೈ ಎತ್ತಿದಳು. ಸೂಜಿಯ ತುದಿ ಕಾಣೆಯಾಗಿತ್ತು. ದೊಡ್ಡಕ್ಕ ಇಡೀ ಸಾಲಿನ ಮಿಷನ್ ನಿಲ್ಲಿಸಿ, ಆಯಸ್ಕಾಂತ ಹಿಡಿದು ತಾನೇ ನೆಲಕ್ಕೆ ಮಂಡಿಯೂರಿದಳು.

ಮಿಷನ್ ಸದ್ದು ನಿಂತಿದ್ದಕ್ಕೆ ಮ್ಯಾನೇಜರ್ ಓಡಿ ಬಂದ. "ಯಾರು ಮುರಿದಿದ್ದು? ಹೆಸರು ಹೇಳಿ."

"ಹೆಸರು ಕೊಡಲ್ಲ ಸರ್. ಸೂಜಿ ಕೊಡ್ತೀನಿ."

"ಹೆಸರು ಹೇಳ್ದಿದ್ರೆ ನಾಳೆಯಿಂದ ನೀವು ಬರೋದು ಬೇಡ!"

ಅತ್ತೆಯ ಔಷಧಿ, ಮಗಳ ಫೀಸು ಎಲ್ಲ ಕಣ್ಣ ಮುಂದೆ ಬಂದವು. ಆದರೂ ಏಳಲಿಲ್ಲ. "ನಾಳೆ ಮಾತು ನಾಳೆ ಸರ್. ಇವತ್ತು ಹುಡುಕ್ತೀನಿ," ಎಂದು ಮತ್ತೊಂದು ಅಂಗಿ ಕೊಡವಿದಳು. ಹೆಂಗಸರು ಒಬ್ಬೊಬ್ಬರಾಗಿ ಪಕ್ಕದಲ್ಲಿ ಕೂತರು. ತುದಿ ಸಿಕ್ಕಿದ್ದು ಒಂದು ಪುಟ್ಟ ಅಂಗಿಯ ಕತ್ತಿನ ಮಡಿಕೆಯಲ್ಲಿ.

ಮ್ಯಾನೇಜರ್ ಉಸಿರು ಬಿಟ್ಟು, "ಸರಿ ಸರಿ, ಉಳಿದದ್ದೂ ತುಂಬಿ ಲಾರಿ ಹೊರಡ್ಲಿ," ಎಂದ.

ಆಗ ಹಿಂದಿನ ಮಿಷನ್‌ನವಳು ಎದ್ದು ನಿಂತಳು. ಕರವಸ್ತ್ರದ ಗಂಟು ಬಿಚ್ಚಿ ಮೊಂಡು ಸೂಜಿಯೊಂದನ್ನು ಚಾಚಿದಳು. "ಅಕ್ಕಾ, ಇದು ನನ್ನದು. ನಿನ್ನೆ ಮುರೀತು. ತುದಿ ಲಾರಿಗೆ ಹೋಗಿರೋ ಮಾಲಲ್ಲಿರಬಹುದು." ಅವಳು ಅಳುತ್ತಿದ್ದಳು. ಅವಳ ಹಿಂದೆ ಇನ್ನೊಂದು ಕೈ ಎದ್ದಿತು.

ದೊಡ್ಡಕ್ಕ ಅಳುತ್ತಿದ್ದವಳ ಬೆನ್ನು ಸವರಿದಳು. "ಹೇಳಿದ್ಯಲ್ಲ, ಒಳ್ಳೇದಾಯ್ತು. ಮೊದ್ಲು ನೀರು ಕುಡಿ." ಆಮೇಲೆ ಮ್ಯಾನೇಜರ್ ಕಡೆ ತಿರುಗಿದಳು. "ಲಾರಿ ಇಳಿಸ್ಬೇಕು ಸರ್."

ಅವನ ಮುಖ ಬಿಳಿಚಿಕೊಂಡಿತ್ತು. ಗದರಲು ಬಾಯಿ ತೆರೆದವನ ಗಂಟಲಿನಿಂದ ಬಂದದ್ದು ಸಣ್ಣ ದನಿ. "ಮಾಲೀಕರಿಗೆ ಏನಂತ ಹೇಳ್ಲಿ?"

ಅವನಿಗೂ ಒಬ್ಬ ಸಿಡಿಲಪ್ಪ ಇದ್ದಾನೆ ಅನ್ನುವುದು ಅವಳಿಗೆ ಆಗ ಹೊಳೆಯಿತು.

"ಇದ್ದದ್ದು ಇದ್ದಂಗೆ ಹೇಳಿ ಸರ್. ಹೆದರ್ಬೇಡಿ," ಎಂದಳು ದೊಡ್ಡಕ್ಕ. "ನಾನು ಪಕ್ಕದಲ್ಲಿ ನಿಂತಿರ್ತೀನಿ."