ಹಿನ್ನೀರಿನ ಕೆಸರಿನಲ್ಲಿ ಕೇಳಿದ ಉಸಿರು

ಉಸಿರಾಟದಿಂದ ಮನಸ್ಸಿನ ಒತ್ತಡ ಇಳಿಯುತ್ತದೆ ಎಂದರೆ ನಾನು ನಗುತ್ತಿದ್ದೆ. ಎದೆ ಡವಗುಟ್ಟುತ್ತದೆಂದು ಹೋದಾಗ ಸಾಗರದ ಡಾಕ್ಟರು, “ಹಾರ್ಟ್‌ಗೆ ಏನೂ ಆಗಿಲ್ಲ ಮೇಡಂ, ಟೆನ್ಶನ್ ಅಷ್ಟೆ. ಶಾಂತವಾದ ಜಾಗದಲ್ಲಿ ಕೂತು ಉಸಿರು ನಿಧಾನ ಎಳ್ಕೊಳ್ಳಿ, ಅದಕ್ಕಿಂತ ನಿಧಾನ ಬಿಡಿ” ಎಂದಿದ್ದರು. ಹುಟ್ಟಿದಾಗಿನಿಂದ ಯಾರೂ ಹೇಳಿಕೊಡದೆ ಮಾಡಿಕೊಂಡು ಬಂದ ಕೆಲಸಕ್ಕೆ ಈಗೊಂದು ಪಾಠವೇ ಎಂದು ಗೊಣಗಿಕೊಂಡು ಬಂದಿದ್ದೆ. ದೆವ್ವ ಭೂತಗಳ ವಿಷಯದಲ್ಲೂ ನನ್ನದು ಅದೇ ಧಾಟಿ.

ನಮ್ಮ ಹಿರಿಯರ ಮನೆ ಹೊಸನಗರದ ಕಡೆ ಶರಾವತಿ ಹಿನ್ನೀರಿನಲ್ಲಿ ಮುಳುಗಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಅದರ ತುಳಸಿಕಟ್ಟೆ ಕಾಣಿಸಿಕೊಳ್ಳುತ್ತದೆ. ಹೋಗಿ ಅಲ್ಲೊಂದು ದೀಪ ಹಚ್ಚಿ ಬರುವುದು ನಮ್ಮವರ ಪದ್ಧತಿ. ಕೆಲವು ವರ್ಷಗಳ ಹಿಂದೆ ದೊಡ್ಡಪ್ಪನ ಜೊತೆ ದೋಣಿಯಲ್ಲಿ ನಾನೂ ಹೋಗಿದ್ದೆ. ಜಗಲಿ ಎಲ್ಲಿತ್ತು, ಕೊಟ್ಟಿಗೆ ಎಲ್ಲಿತ್ತು, ಬಚ್ಚಲು ಎಲ್ಲಿತ್ತು ಎಂಬುದು ಆ ಮನೆಯನ್ನೇ ಕಾಣದ ನಮಗೂ ಬಾಯಿಪಾಠ. ದೊಡ್ಡಪ್ಪ ಕಟ್ಟೆಗೆ ಕೈಮುಗಿದು ನಿಂತಿದ್ದಾಗ ನಾನು, ನಮ್ಮದೇ ಮನೆಯಲ್ಲವೇ ಎಂಬ ಸಲುಗೆಯಲ್ಲಿ, ಇಲ್ಲದ ಹಿತ್ತಿಲ ಬಾಗಿಲು ದಾಟಿ ಬಚ್ಚಲಿನ ಕಡೆ ನಡೆದೆ.

ಮೇಲೆ ಒಣಗಿ ಬಿರುಕುಬಿಟ್ಟಿದ್ದ ಕೆಸರು ಒಡೆಯಿತು. ತೊಡೆಯವರೆಗೆ ಇಳಿದೆ. ಕಾಲು ಕೀಳಲು ಹೋದಷ್ಟೂ ಒಳಗೆ ಹೋಗಿ ಸೊಂಟದವರೆಗೆ ಬಂತು. ಕೆಳಗೆ ನೆಲವೇ ಸಿಗಲಿಲ್ಲ. ಮಟಮಟ ಮಧ್ಯಾಹ್ನ, ಆದರೂ ಕಣ್ಣು ಕತ್ತಲಿಟ್ಟಿತು. ಸತ್ತೇ ಹೋಗುತ್ತೇನೆ ಅನ್ನಿಸಿತು.

“ಒದ್ದಾಡ್ಬೇಡ ಮಾರಾಯ್ತಿ! ದೋಣಿಯಿಂದ ಹಲಗೆ ತಗಂಡ್ ಬತ್ತೀನಿ!” ಎಂದು ಕೂಗಿ ದೊಡ್ಡಪ್ಪ ನೀರಿನ ಕಡೆ ಓಡಿದರು.

ಆಗ ಡಾಕ್ಟರ ಮಾತು ನೆನಪಾಯಿತು. ನಿಧಾನ ಎಳೆದುಕೊಂಡೆ, ಇನ್ನೂ ನಿಧಾನ ಬಿಟ್ಟೆ. ನಿಜ ಹೇಳುತ್ತೇನೆ, ಎದೆಬಡಿತ ಇಳಿಯಿತು, ಕಾಲಿನ ಬಿಗಿ ಸಡಿಲವಾಯಿತು, ಮುಳುಗುವುದೂ ನಿಂತಿತು. ಆ ಸಮಾಧಾನದಲ್ಲೇ ಅದು ಕೇಳಿಸಿದ್ದು. ನಾನು ಉಸಿರು ಬಿಟ್ಟಾಗಲೆಲ್ಲ ಕೆಳಗಿನಿಂದಲೂ ಒಂದು ಉಸಿರು. ಸೊಂಟದ ಸುತ್ತಲಿನ ಕೆಸರು ಮೆಲ್ಲಗೆ ಉಬ್ಬಿ ಇಳಿಯುತ್ತಿತ್ತು. ನನ್ನದೇ ಸದ್ದಿರಬೇಕೆಂದು ಉಸಿರು ಬಿಗಿಹಿಡಿದೆ. ಅದೂ ಹಿಡಿಯಿತು. ಇನ್ನು ತಡೆಯಲಾರೆ ಎನ್ನುವಷ್ಟರಲ್ಲಿ ನನಗಿಂತ ಮೊದಲು ಅದು ಬಿಟ್ಟಿತು.

ಒದ್ದಾಡಿದರೆ ಮುಳುಗುತ್ತೇನೆ. ಒದ್ದಾಡದೆ ಇರಬೇಕಾದರೆ ಹಾಗೆಯೇ ಉಸಿರಾಡಬೇಕು. ಉಸಿರಾಡಿದರೆ ಅದೂ ಆಡುತ್ತದೆ. ದೊಡ್ಡಪ್ಪ ಬರುವವರೆಗೂ ನಾವಿಬ್ಬರೂ ಉಸಿರಾಡುತ್ತಲೇ ಇದ್ದೆವು.

ಹಲಗೆಯ ಮೇಲೆ ಬೋರಲಾಗಿ ಬಿದ್ದು ಹೊರಬಂದ ಮೇಲೆ ಎಲ್ಲ ಹೇಳಿದೆ. ದೊಡ್ಡಪ್ಪನ ಮುಖ ಬಿಳಿಚಿಕೊಂಡಿತು.

“ಅಲ್ಲಿ ಬಾವಿ ಇತ್ತು,” ಎಂದರು.

“ಬಾವಿ ಇದ್ದದ್ದು ಯಾರೂ ಹೇಳೇ ಇಲ್ವಲ್ಲ ದೊಡ್ಡಪ್ಪ?”

“ಅದನ್ನ ಹೇಳದಿಲ್ಲ.” ಹಲಗೆ ಎತ್ತಿಕೊಂಡು ಅವರು ದೋಣಿಯ ಕಡೆ ನಡೆದೇಬಿಟ್ಟರು.

ಹೂಳಿನಲ್ಲಿ ಸಿಕ್ಕಿಕೊಂಡ ಗಾಳಿ ಎಂದು ನೀವು ಹೇಳಬಹುದು. ನಾನೂ ಹಾಗೇ ಹೇಳಿಕೊಂಡಿದ್ದೇನೆ. ಆದರೆ ಗಾಳಿ ನನ್ನ ಜೊತೆ ಉಸಿರು ಹಿಡಿಯುತ್ತದೆಯೇ? ಎದೆ ಡವಗುಟ್ಟಿದರೆ ಈಗಲೂ ಡಾಕ್ಟರು ಹೇಳಿದಂತೆಯೇ ಮಾಡುತ್ತೇನೆ, ಗುಣವೂ ಕಾಣುತ್ತದೆ. ಶಾಂತವಾದ ಜಾಗದಲ್ಲಿ ಮಾತ್ರ ಕೂರುವುದಿಲ್ಲ. ಟಿವಿಯನ್ನು ಜೋರಾಗಿ ಹಾಕಿಕೊಂಡೇ ಉಸಿರು ಬಿಡುತ್ತೇನೆ.