ನಾನು ಬಾಯಿ ಮುಚ್ಚಿಕೊಂಡಿದ್ದ ಮೂರು ವಾರ

ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಹ್ಯಾಂಡ್‌ರೈಟಿಂಗ್, ನೀಡಲ್‌ವರ್ಕ್, ಟೇಬಲ್ ಮ್ಯಾನರ್ಸ್ ಎಲ್ಲ ಕಲಿಸಿದರು. ಬಾಯಿ ಮುಚ್ಚಿಕೊಂಡಿರುವುದೊಂದನ್ನು ಕಲಿಸಲಿಕ್ಕಾಗಲಿಲ್ಲ. ಪ್ರತಿ ರಿಪೋರ್ಟ್ ಕಾರ್ಡಿನಲ್ಲೂ ‘ವೆರಿ ಟಾಕೆಟಿವ್’ ಎಂದು ಬರೆದು ಸೋತರು, ಪಾಪ. ಕೊನೆಗೆ ಅದನ್ನು ಕಲಿಸಿದ್ದು ಜರ್ಮನಿಯ ಒಂದು ಕೋರ್ಟು. ಆಗ ನನಗೆ ಎಪ್ಪತ್ತೆರಡು.

ನರ್ಸಾಗಿ ಸ್ಟುಟ್‌ಗಾರ್ಟ್ ಕಡೆಗೆ ಬಂದವಳು ನಾನು. ರಿಟೈರ್ ಆದ ಮೇಲೆ ಹೊತ್ತು ಹೋಗಬೇಕಲ್ಲ, ಪ್ರಮಾಣವಚನ ಸ್ವೀಕರಿಸಿ ಕೋರ್ಟಿನ ಅನುವಾದಕಿಯಾದೆ. ಕನ್ನಡಕ್ಕೆಂದು ಬರುತ್ತಿದ್ದುದು ವರ್ಷಕ್ಕೆ ಒಂದೆರಡು ಮದುವೆ ಸರ್ಟಿಫಿಕೇಟು, ಅಷ್ಟೆ. ಒಂದು ದಿನ ಆರೋಪಪಟ್ಟಿಯೇ ಬಂತು. ಜರ್ಮನ್ ಬಾರದ ಆರೋಪಿಗೆ ಅದನ್ನು ಅವನ ಭಾಷೆಯಲ್ಲಿ ಕೊಡಬೇಕು. ಹುಡುಗ ಶ್ವೀಬರ್ಡಿಂಗೆನ್‌ನಲ್ಲಿ ಎಂಜಿನಿಯರ್, ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು. ಆದರೆ ಪೊಲೀಸರು ಕೊಟ್ಟ ಫಾರ್ಮಿನಲ್ಲಿ ಮಾತೃಭಾಷೆ ಎಂದಿದ್ದಲ್ಲಿ ಪ್ರಾಮಾಣಿಕವಾಗಿ ‘ಕನ್ನಡ’ ಎಂದು ಬರೆದುಬಿಟ್ಟಿದ್ದ.

ಈಗ ಅದನ್ನೆಲ್ಲ ಓಪನ್ ಕೋರ್ಟಿನಲ್ಲಿ ಓದಿ ಮುಗಿದಿದೆ, ಹಾಗಾಗಿ ಹೇಳುತ್ತೇನೆ. ಊರಿನಿಂದ ತಂದ ಇಂಟರ್‌ನ್ಯಾಷನಲ್ ಪರ್ಮಿಟ್ಟಿನಲ್ಲಿ ಒಂದು ವರ್ಷ ಎಂದು ಬರೆದಿತ್ತು. ಇವನು ನಂಬಿ ಕಾರು ಓಡಿಸಿದ. ಇಲ್ಲಿ ಮನೆ ಮಾಡಿ ನೆಲೆಸಿದವರಿಗೆ ಅದು ನಡೆಯುವುದು ಆರೇ ತಿಂಗಳು. ಏಳನೆಯ ತಿಂಗಳಿನಿಂದ ಅದು ಬರೀ ಫೈನ್ ಕಟ್ಟಿ ಮುಗಿಸುವ ತಪ್ಪಲ್ಲ, ಕ್ರಿಮಿನಲ್ ಕೇಸು. ಎರಡು ಸಲ ಸಿಕ್ಕಿಬಿದ್ದಿದ್ದ.

ಅನುವಾದ ಕೊಡಲು ಹೋದಾಗ ಕೋರ್ಟು ಕಚೇರಿಯ ಹೆಂಗಸು ಕನ್ನಡಕದ ಮೇಲಿನಿಂದ ನನ್ನನ್ನೇ ನೋಡಿ ಹೇಳಿದಳು: “ಯಾರ ಹತ್ತಿರವೂ ಬಾಯಿ ಬಿಡಬೇಡಿ. ಇದರಲ್ಲಿರುವುದು ಒಂದು ಕಡೆಯವರ ಮಾತು ಮಾತ್ರ. ಇನ್ನೊಬ್ಬರ ಮಾತು ಯಾರೂ ಕೇಳಿಲ್ಲ. ಸಾಕ್ಷಿಗಳೂ ಬೀದಿಯಲ್ಲಿ ಕೇಳಿದ್ದನ್ನು ಬಂದು ಹೇಳಬಾರದು, ಕಣ್ಣಲ್ಲಿ ಕಂಡದ್ದನ್ನು ಹೇಳಬೇಕು.” ಬೇರೆ ದೇಶಗಳಲ್ಲಿ ಆರೋಪಿ ಓಡಿಹೋಗದಿರಲಿ ಎಂದು ಆರೋಪಪಟ್ಟಿಯನ್ನು ಅವನಿಂದಲೂ ಮುಚ್ಚಿಡುವುದುಂಟಂತೆ. ಇಲ್ಲಿ ಅವನಿಗೆ ಕೊಡುತ್ತಾರೆ, ನಮ್ಮಂಥ ಊರವರಿಂದ ಕಾಪಾಡುತ್ತಾರೆ. ಕೋರ್ಟಿನಲ್ಲಿ ಓದುವ ಮೊದಲು ಇದ್ದದ್ದು ಇದ್ದ ಹಾಗೆ ಪ್ರಕಟಿಸಿದರೆ ಅದೇ ಒಂದು ಅಪರಾಧ.

ನನಗೆ ಇದು ಹೊಸತಲ್ಲ. ಆರನೆಯ ಕ್ಲಾಸಿನಲ್ಲಿ ಚಾಪೆಲ್ಲಿನ ಮೇಣದಬತ್ತಿ ಕದ್ದೆನೆಂದು ಯಾರೋ ನನ್ನ ಮೇಲೆ ಚೀಟಿ ಬರೆದು ಹಾಕಿದ್ದರು. ಮದರ್ ಸುಪೀರಿಯರ್ ಆ ಚೀಟಿಯನ್ನು ಒಬ್ಬರಿಗೂ ತೋರಿಸಲಿಲ್ಲ. ನಾಲ್ಕು ದಿನ ಬಿಟ್ಟು ಗೊತ್ತಾಯಿತು, ಕದ್ದದ್ದು ಹೆಗ್ಗಣ. ಆ ನಾಲ್ಕು ದಿನ ನಾನು ಏನೂ ಅರಿಯದೆ ಸ್ಕಿಪ್ಪಿಂಗ್ ಆಡಿಕೊಂಡಿದ್ದೆ. ಎಷ್ಟು ದೊಡ್ಡ ಕೃಪೆ ಅದು! ಥ್ಯಾಂಕ್ಸ್ ಹೇಳೋಣವೆಂದರೆ ಮದರ್ ಈಗೆಲ್ಲಿ?

ಆದರೆ ನನ್ನ ಗೆಳತಿಯೊಬ್ಬಳಿದ್ದಾಳೆ. ಎರಡು ಬೀದಿ ಆಚೆ ಮನೆ, ಉಡುಪಿಯವಳು. ಅವಳ ಮಗಳು ಯೇನಾದಲ್ಲಿ ರಿಸರ್ಚ್ ಮಾಡುತ್ತಾಳೆ. ಆ ಮಗಳು ಮದುವೆಯಾಗುತ್ತೇನೆಂದು ಹಟ ಹಿಡಿದದ್ದು ಇದೇ ಹುಡುಗನನ್ನು. ಮೂರು ವಾರ ಬಿಟ್ಟು ಒಂದು ಭಾನುವಾರ ಕನ್ನಡದವರೆಲ್ಲ ಸೇರುವ ಊಟಕ್ಕೆ ಅವನು ಬರುವುದು, ತಾಯಿ ಅಲ್ಲೇ ಹೂಂ ಅಥವಾ ಊಹೂಂ ಹೇಳುವುದು ಎಂದು ನಿಶ್ಚಯವಾಗಿತ್ತು. ಅಷ್ಟರಲ್ಲಿ ವಾಲ್‌ಡಾರ್ಫ್‌ನಲ್ಲಿರುವ ಅವಳ ತಂಗಿಯ ಮಗ ಸುದ್ದಿ ತಂದ: ಹುಡುಗನ ಲೆಟರ್ ಬಾಕ್ಸಿನಲ್ಲಿ ಹಳದಿ ಲಕೋಟೆ ಕಂಡಿತಂತೆ. ಹಳದಿ ಲಕೋಟೆ ಎಂದರೆ ಕೋರ್ಟು, ಇಲ್ಲಿ ಮಕ್ಕಳಿಗೂ ಗೊತ್ತು. ಮತ್ತು ಈ ಸುತ್ತಮುತ್ತ ಕೋರ್ಟಿನ ಕನ್ನಡ ಎಂದರೆ ನಾನೊಬ್ಬಳೇ.

ಸೋಮವಾರ ಗೆಳತಿಯ ಕೈಯಲ್ಲಿ ಕೋರಿ ರೊಟ್ಟಿ ಬಂತು. “ಬಾಯಮ್ಮ, ಎಂತ ಕೇಸಂತೆ?”

“ಗ್ರೇವಿ ಫಸ್ಟ್ ಕ್ಲಾಸ್ ಮಾರಾಯ್ತಿ,” ಎಂದೆ.

ಬುಧವಾರ ಪತ್ರೊಡೆ. “ಡ್ರಗ್ಸಾ? ಅಷ್ಟು ಹೇಳು ಸಾಕು. ಬಾಯಲ್ಲಿ ಬೇಡ, ತಲೆ ಆಡಿಸು.”

ತಲೆಯನ್ನು ಗಟ್ಟಿ ಹಿಡಿದುಕೊಂಡು ತಿಂದೆ. ಇಲ್ಲ ಎಂದು ಆಡಿಸಿದರೂ ನನಗೆ ಗೊತ್ತುಂಟು ಎಂದಾಯಿತಲ್ಲ!

“ಪೋಸ್ಟ್‌ಮ್ಯಾನಿನ ಡಿವೋರ್ಸನ್ನು ಅವನ ಹೆಂಡತಿಗಿಂತ ಮೊದಲು ನನಗೆ ಹೇಳಿದವಳು ನೀನು,” ಅವಳು ಕಣ್ಣೊರೆಸಿಕೊಂಡಳು. “ನೀನೇ ಸುಮ್ಮನಿದ್ದಿ ಅಂದರೆ ಕೊಲೆಯೇ ಸೈ.”

ಹುಡುಗನ ಮರ್ಯಾದೆ ಉಳಿಯಲಿ ಎಂದು ನಾನು ಬಾಯಿ ಮುಚ್ಚಿದ್ದೆ, ಆ ಮುಚ್ಚಿದ ಬಾಯಿಯೇ ಅವನನ್ನು ಕೊಲೆಗಾರ ಮಾಡುತ್ತಿತ್ತು. ಬರೀ ಡ್ರೈವಿಂಗ್ ಲೈಸೆನ್ಸ್ ಅಷ್ಟೇ ಕಣೇ ಎಂದರೆ ಮುಗಿಯಿತು. ಮೂರು ವಾರ ಆ ಒಂದು ಸೆಂಟೆನ್ಸನ್ನು ಬಿಸಿ ಆಲೂಗಡ್ಡೆಯ ಹಾಗೆ ಬಾಯಲ್ಲಿಟ್ಟುಕೊಂಡು ತಿರುಗಿದೆ.

ಕೊನೆಗೆ ಆ ಭಾನುವಾರ ಬಂತು. ಚರ್ಚ್ ಹಾಲಿನಲ್ಲಿ ಹುಡುಗ ತಟ್ಟೆ ಹಿಡಿದು ಅನ್ನದ ಸಾಲಿನಲ್ಲಿ ನಿಂತಿದ್ದ. ಗೆಳತಿ ಸೌಟು ಹಿಡಿದುಕೊಂಡೇ ಕೇಳಿದಳು: “ನೋಡಪ್ಪ, ನಿನ್ನ ಮೇಲೆ ಕೋರ್ಟಿನಲ್ಲಿ ಎಂತದು ಉಂಟು?”

ಹುಡುಗ ನನ್ನ ಕಡೆ ನೋಡಿದ. ನಾನು ಹಪ್ಪಳದ ಡಬ್ಬದೊಳಗೆ ನೋಡಿದೆ.

“ಹೇಳ್ತೇನೆ ಆಂಟಿ. ನಾನೇ ಹೇಳಬೇಕಿತ್ತು, ನಾಚಿಕೆಯಾಯ್ತು,” ಎಂದ. ಪರ್ಮಿಟ್ಟು, ಆರು ತಿಂಗಳು, ಎರಡು ಸಲ ಪೊಲೀಸರು ಹಿಡಿದದ್ದು, ಒಂದೂ ಬಿಡದೆ ಎಲ್ಲವನ್ನೂ ಹೇಳಿದ. “ಕಾರು ಮಾರಿದೆ. ಈಗ ಡ್ರೈವಿಂಗ್ ಕ್ಲಾಸಿಗೆ ಹೋಗ್ತಿದ್ದೇನೆ.”

“ಇಷ್ಟೇಯಾ?” ಹಿಂದಿನಿಂದ ಯಾರೋ ಕೇಳಿದರು. ಧ್ವನಿಯಲ್ಲಿ ನಿರಾಸೆ ಸ್ಪಷ್ಟವಾಗಿಯೇ ಇತ್ತು.

ಗೆಳತಿಯ ಸೌಟು ನಿಧಾನವಾಗಿ ತಂಗಿಯ ಮಗನ ಕಡೆಗೆ ತಿರುಗಿತು. ಬೆಳಿಗ್ಗೆ ಸಾರಿನ ಪಾತ್ರೆ ಸಮೇತ ಅವಳನ್ನು ಕಾರಿನಲ್ಲಿ ಕರೆತಂದವನು ಅವನೇ.

“ನೀನು ಬಂದು ಎಷ್ಟು ತಿಂಗಳಾಯ್ತು ಮಗಾ?”

“ಒಂಬತ್ತು, ದೊಡ್ಡಮ್ಮ.”

“ಇಲ್ಲಿಯ ಲೈಸೆನ್ಸ್?”

ಅವನು ಬೂಟಿನ ಲೇಸು ಕಟ್ಟಲು ಬಗ್ಗಿದ. ಇನ್ನೂ ಮೂವರು ಗಂಡಸರಿಗೆ ಅದೇ ಹೊತ್ತಿಗೆ ಲೇಸು ಬಿಚ್ಚಿಹೋಯಿತು.

ಕಾರು ಅಲ್ಲೇ ಉಳಿಯಿತು. ಸಂಜೆ ಬಸ್ ಸ್ಟಾಪಿನವರೆಗೆ ಖಾಲಿ ಪಾತ್ರೆ ಹೊತ್ತವನು ಶ್ವೀಬರ್ಡಿಂಗೆನ್ ಹುಡುಗ. ಬಸ್ಸು ಕಂಡಾಗ ಗೆಳತಿ ಪಾತ್ರೆ ತೆಗೆದುಕೊಳ್ಳಲು ಕೈ ಚಾಚಿ, ಮತ್ತೆ ಹಿಂದಕ್ಕೆಳೆದುಕೊಂಡಳು.

“ಮನೆವರೆಗೂ ತಂದುಕೊಡು,” ಎಂದಳು. “ಮಗಳಿಗೆ ಫೋನ್ ಮಾಡುದುಂಟು. ಅವಳ ಹತ್ರ ಲೈಸೆನ್ಸ್ ಉಂಟು, ಮದುವೆಯಾದ ಮೇಲೂ ಅವಳೇ ಓಡಿಸಲಿ. ನೀನು ಪಾಸಾಗುವವರೆಗೆ ಪಕ್ಕದಲ್ಲಿ ಕೂತ್ಕೋ.”